ಕುಂಚ ಉಳಿಸಿದ ತೋಟಗಳು

ತೊರಪಲ್ಲಿ ಅಗ್ರಹಾರವೆಂದೊಡನೆ ನಮಗೆ ನೆನಪಾಗುವವರು 1878ರಲ್ಲಿ ಅಲ್ಲಿ ಜನಿಸಿದ ರಾಜಾಜಿಯವರು. ಅದಕ್ಕೂ ಸುಮಾರು ಒಂಬತ್ತು ದಶಕಗಳ ಹಿಂದೆ ಇದೇ ಸೀಮೆಯ ಮೇಲೆ ದಂಡು ಹಾದುಹೋಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರನ್ನು ಹಿಡಿದು, ಬಳಿಕ ಹೊಸೂರಿನ ಕೋಟೆಯನ್ನೂ ವಶಪಡಿಸಿಕೊಂಡಿತು. ಆ ದಂಡಿನಲ್ಲಿ ಬಣ್ಣದ ಪೆಟ್ಟಿಗೆ ಹೊತ್ತವರೂ ಇದ್ದರು.

ಅವರಲ್ಲೊಬ್ಬ ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್. 1792ರಲ್ಲೇ ಆತ ತೀರಿಕೊಂಡ. ಅವನ 40 ಚಿತ್ರಗಳನ್ನು ಲಂಡನ್ನಿನ ಎಡ್ವರ್ಡ್ ಆರ್ಮ್ 1804-05ರಲ್ಲಿ ಅಚ್ಚು ಹಾಕಿಸಿದನು. ಬೆಂಗಳೂರಿನ ಅರಮನೆಯೊಡನೆ ನಮ್ಮ ಹೊಸೂರೂ, ಶ್ರೀರಂಗಪಟ್ಟಣದ ಲಾಲ್‌ಬಾಗಿನಲ್ಲಿರುವ ಹೈದರನ ಗೋರಿಯೂ ಆ ಸಂಪುಟದಲ್ಲಿವೆ.

ಸೈನಿಕನಿಗೇಕೆ ಕುಂಚ? ಇಂಗ್ಲೆಂಡಿನ ವುಲಿಚ್ ಸೈನಿಕ ಶಾಲೆಯಲ್ಲಿ ಫಿರಂಗಿ ದಳದ ಅಧಿಕಾರಿಗಳಿಗೆ ಚಿತ್ರಕಲೆ ಪಾಠವಾಗಿತ್ತು. ಜಲವರ್ಣದ ಹೆಸರಾಂತ ಕಲಾವಿದ ಪಾಲ್ ಸ್ಯಾಂಡ್‌ಬಿ ಅಲ್ಲಿ ಗುರುವಾಗಿದ್ದನು. ಕೋಟೆ, ಗುಡ್ಡ, ದಾರಿಗಳನ್ನು ಶತ್ರುವಿನ ನೆಲದಲ್ಲಿ ಗುರುತಿಸಿಕೊಳ್ಳುವುದೇ ಅದರ ಉದ್ದೇಶ. ಬೇಗ ಒಣಗುವ, ಹೊರಲು ಹಗುರವಾದ ನೀರುಬಣ್ಣ ಅದಕ್ಕೆ ತಕ್ಕುದಾಗಿತ್ತು.

ಅವರು ಕಂಡ ತೋಟಗಳು ಎಂತಹವು? 1800ರಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ನೋಡಿದ ಫ್ರಾನ್ಸಿಸ್ ಬುಕಾನನ್ ವಿವರಿಸಿದ್ದಾನೆ: ಚೌಕಚೌಕದ ಪಾತಿಗಳು, ನಡುವೆ ಹಾದಿಗಳು, ಹಾದಿಯ ಇಕ್ಕೆಲಗಳಲ್ಲಿ ಸೈಪ್ರೆಸ್ ಮರಗಳು, ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ಮೊಘಲರ ತೋಟಗಳ ಆ ಅಚ್ಚುಕಟ್ಟು ನಮ್ಮ ಒಣಭೂಮಿಯಲ್ಲಿ ಎತ್ತುಗಳು ಎಳೆದ ಕಪಿಲೆಯ ನೀರಿನಿಂದ ಹಸುರಾಗಿತ್ತು. ಕಪಿಲೆ ಹೊಡೆದ ರೈತರ ಹೆಸರನ್ನು ಚರಿತ್ರೆ ಬರೆದಿಡಲಿಲ್ಲ.

1792ರ ಫೆಬ್ರವರಿಯಲ್ಲಿ ಅದೇ ಸೇನೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಅಲ್ಲಿನ ಲಾಲ್‌ಬಾಗಿನ ಮರಗಳನ್ನು ಕಡಿದು, ಕೊಂಬೆಗಳನ್ನು ಕಟ್ಟುಕಟ್ಟಿ ಮುತ್ತಿಗೆಯ ಕೆಲಸಕ್ಕೆ ಬಳಸಿತು. ಒಂದೇ ದಂಡಿನ ಒಂದು ಕೈ ಚಿತ್ರ ಬರೆಯಿತು, ಇನ್ನೊಂದು ಕೈ ಕೊಡಲಿ ಹಿಡಿಯಿತು. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಹೊಸೂರು ಮೈಸೂರಿನಿಂದ ಬೇರ್ಪಟ್ಟು ಕಂಪನಿಯ ಪಾಲಾಯಿತು. ಮುಂದೆ ಸೇಲಂ ಜಿಲ್ಲೆಗೆ ಸೇರಿತು.

ಆದ್ದರಿಂದ ಈ ಚಿತ್ರಗಳನ್ನು ನಾವು ಚೆಲುವಿಗಾಗಿ ಮಾತ್ರ ನೋಡಲಾರೆವು. ಗೆದ್ದವರು ಬರೆದ ಚಿತ್ರಗಳೆಂಬ ಎಚ್ಚರವಿರಬೇಕು. ಗಡಿ ಬದಲಾಗುವ ಮುನ್ನ ಬೆಂಗಳೂರು, ಶ್ರೀರಂಗಪಟ್ಟಣ, ಹೊಸೂರುಗಳು ಒಂದೇ ನಾಡಾಗಿದ್ದುದಕ್ಕೆ ಸಾಕ್ಷಿಯೆಂಬ ಆದರವೂ ಇರಬೇಕು. ನಮ್ಮೂರಿನ ಕೆರೆ, ತೋಪು, ಅಗ್ರಹಾರದ ಬೀದಿಗಳನ್ನು ಇನ್ನಾದರೂ ನಮ್ಮ ಮಕ್ಕಳೇ ಬರೆದಿಡಲಿ. ಅವು ಅಳಿಯುವವರೆಗೆ ನಾವು ಕಾಯಬೇಕಿಲ್ಲ.