ಸಾಂತಾ ಕ್ಲಾರಾ ಈಜು ಸಂಘದ ಕಥೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸಾಂತಾ ಕ್ಲಾರಾ ಎಂಬ ಊರಿದೆ. ಫ್ರಾನ್ಸಿಸ್ಕನ್ ಸಂನ್ಯಾಸಿಗಳು 1777ರಲ್ಲಿ ಅಲ್ಲಿ ಸ್ಥಾಪಿಸಿದ ಮಿಶನ್ನಿಗೆ ಅಸ್ಸೀಸಿಯ ಸಂತ ಕ್ಲಾರಳ ಹೆಸರನ್ನಿಟ್ಟರು; ಊರಿಗೂ ಅದೇ ಹೆಸರು ನಿಂತಿತು. ಈಗ ಗಣಕಯಂತ್ರದ ಉದ್ಯಮಕ್ಕೆ ಹೆಸರಾಗಿ, ಅನೇಕ ಕನ್ನಡಿಗ ಕುಟುಂಬಗಳಿಗೂ ನೆಲೆಯಾಗಿರುವ ಆ ಕಣಿವೆ, 1950ರ ಸುಮಾರಿಗೆ ಹಣ್ಣಿನ ತೋಟಗಳ ನಾಡಾಗಿತ್ತು.

ಅಲ್ಲಿನ ಪ್ರೌಢಶಾಲೆಯ ಈಜು ತರಬೇತುದಾರರಾದ ಜಾರ್ಜ್ ಹೇನ್ಸ್ 1951ರಲ್ಲಿ ಬೆರಳೆಣಿಕೆಯ ಮಕ್ಕಳನ್ನು ಕೂಡಿಸಿ, ಶಾಲೆಯ ಕೊಳದಲ್ಲಿಯೇ ಈ ಸಂಘವನ್ನು ಆರಂಭಿಸಿದರು. ಒಂಬತ್ತೇ ವರ್ಷಗಳಲ್ಲಿ ಅದರ ಕೀರ್ತಿ ರೋಮಿಗೆ ಮುಟ್ಟಿತು. 1960ರ ಒಲಿಂಪಿಕ್ ಕ್ರೀಡೆಗಳಲ್ಲಿ ಸಂಘದ ಹದಿನಾರರ ಬಾಲೆ ಕ್ರಿಸ್ ವಾನ್ ಸಾಲ್ಟ್ಜಾ ಮೂರು ಚಿನ್ನ, ಒಂದು ಬೆಳ್ಳಿಯ ಪದಕಗಳನ್ನು ಗಳಿಸಿದಳು.

1964ರ ಟೋಕಿಯೊ ಕ್ರೀಡೆಗಳು ಸಂಘದ ಸುಗ್ಗಿಯ ಕಾಲವೆನ್ನಬೇಕು. ಒರೆಗಾನಿನಿಂದ ಮನೆಬಿಟ್ಟು ಹೇನ್ಸರ ಬಳಿಗೆ ಬಂದಿದ್ದ ಡಾನ್ ಶೊಲಾಂಡರ್ ನಾಲ್ಕು ಚಿನ್ನದ ಪದಕಗಳನ್ನು ಗೆದ್ದನು. ಭುಜದ ನೋವಿನಿಂದ ನೂರು ಮೀಟರಿನ ವೈಯಕ್ತಿಕ ಸ್ಪರ್ಧೆಗೆ ಆಯ್ಕೆಯಾಗದೆ ಉಳಿದ ಸ್ಟೀವ್ ಕ್ಲಾರ್ಕನು, ತಂಡದ ಸ್ಪರ್ಧೆಯ ಮೊದಲ ನೂರು ಮೀಟರನ್ನು 52.9 ಸೆಕೆಂಡುಗಳಲ್ಲಿ ಈಜಿ ವಿಶ್ವದಾಖಲೆಯನ್ನು ಸರಿಗಟ್ಟಿದನು. ನನಗೇನೋ ಶೊಲಾಂಡರನ ಪದಕಗಳಿಗಿಂತ ಈ ಸಂಗತಿಯೇ ಹೆಚ್ಚು ಹಿಡಿಸುತ್ತದೆ.

ಅದೇ ಟೋಕಿಯೊದಲ್ಲಿ ಡಾನಾ ಡಿ ವರೋನಾ ಎರಡು ಚಿನ್ನ ಗೆದ್ದಳು. ರೋಮಿಗೆ ಹೋದಾಗ ಆಕೆಗೆ ಹದಿಮೂರೇ ವರ್ಷ. ಆದರೆ ಟೋಕಿಯೊದ ಮರುವರ್ಷವೇ ಆಕೆ ಸ್ಪರ್ಧೆಯಿಂದ ನಿವೃತ್ತಳಾಗಬೇಕಾಯಿತು. ಜೊತೆಯ ಹುಡುಗರಿಗೆ ವಿಶ್ವವಿದ್ಯಾಲಯಗಳು ಕ್ರೀಡಾ ವಿದ್ಯಾರ್ಥಿವೇತನವಿತ್ತು ಕರೆದುಕೊಂಡವು. ಒಲಿಂಪಿಕ್ ವಿಜೇತೆಯಾದ ಈಕೆಗೆ ಅಂಥದೊಂದು ಇರಲಿಲ್ಲ. ಅಂದು ಅಮೆರಿಕದ ಹೆಣ್ಣುಮಕ್ಕಳಿಗೆ ಇಂಥ ಸಂಘಗಳ ಕೊಳವೇ ಗತಿ. ಸಂಘ ಬಿಟ್ಟರೆ ಮುಂದೆ ದಾರಿಯಿರಲಿಲ್ಲ. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ ಕಾನೂನು 1972ರಲ್ಲಿ ಬಂದಾಗ, ಅದರ ಪರವಾಗಿ ದನಿಯೆತ್ತಿದವರಲ್ಲಿ ಡಿ ವರೋನಾ ಪ್ರಮುಖರಾದರು.

ಆ ಬಳಿಕ ಸಂಘಕ್ಕೆ ಬಂದವನು ಮಾರ್ಕ್ ಸ್ಪಿಟ್ಜ್. 1968ರ ಮೆಕ್ಸಿಕೊ ಕ್ರೀಡೆಗಳಲ್ಲಿ ಆರು ಚಿನ್ನ ತರುವೆನೆಂದು ಹೇಳಿ ಹೋದ ಹುಡುಗನಿಗೆ ದಕ್ಕಿದ್ದು ಎರಡು, ಅವೂ ತಂಡದ ಸ್ಪರ್ಧೆಗಳಲ್ಲಿ. 1972ರ ಮ್ಯೂನಿಕ್ಕಿನಲ್ಲಿ ಏಳು ಚಿನ್ನ ಗೆಲ್ಲುವ ಹೊತ್ತಿಗೆ ಆತ ಇಂಡಿಯಾನಾದಲ್ಲಿ ಬೇರೊಬ್ಬ ಗುರುವಿನ ಶಿಷ್ಯನಾಗಿದ್ದನು.

ಹೇನ್ಸರು 1974ರಲ್ಲಿ ಸಂಘವನ್ನು ಬಿಟ್ಟು ವಿಶ್ವವಿದ್ಯಾಲಯದ ಸೇವೆಗೆ ತೆರಳಿದರು, 2006ರಲ್ಲಿ ನಿಧನರಾದರು. ಸಂಘದ ಕೀರ್ತಿಯ ದಿನಗಳಲ್ಲಿ ನಗರವು ಕಟ್ಟಿಸಿದ ಅಂತರರಾಷ್ಟ್ರೀಯ ಈಜು ಕೇಂದ್ರಕ್ಕೆ ಮುಂದೆ ಅವರ ಹೆಸರನ್ನೇ ಇಡಲಾಯಿತು. ಆದರೆ ಕಾಂಕ್ರೀಟಿಗೆ ವಯಸ್ಸಾಗದೇ? ಕಟ್ಟಡ ಸುರಕ್ಷಿತವಲ್ಲವೆಂದು 2024ರ ಜನವರಿಯಲ್ಲಿ ನಗರಾಡಳಿತವು ಅದನ್ನು ಮುಚ್ಚಿಸಿತು. ಅದೇ ವರ್ಷದ ನವೆಂಬರಿನಲ್ಲಿ ನಾಗರಿಕರು 40 ಕೋಟಿ ಡಾಲರುಗಳ ಸಾಲಪತ್ರ ಯೋಜನೆಗೆ ಮತವಿತ್ತರು. ಆ ಹಣದಿಂದ ಆಗಬೇಕಾದ ಕಾಮಗಾರಿಗಳಲ್ಲಿ ಈಜುಕೊಳವೂ ಸೇರಿದೆ.