ಧರ್ಮ ಬಿಟ್ಟವರ ಲೆಕ್ಕ

ನಾನು ಲೆಕ್ಕಪತ್ರದವನು, ಧರ್ಮಶಾಸ್ತ್ರದವನಲ್ಲ. ಹಾಗಾಗಿ ಇಸ್ಲಾಮಿನಲ್ಲಿ ಧರ್ಮತ್ಯಾಗದ ಬಗ್ಗೆ ಓದಲು ಕೂತಾಗ ನನ್ನ ಕಣ್ಣು ಹೋದದ್ದು ಆಸ್ತಿ ಮತ್ತು ಮದುವೆಯ ಕಡೆಗೆ. ಮರಣದಂಡನೆಯ ಮಾತು ಎಲ್ಲರಿಗೂ ಗೊತ್ತು. ಉಳಿದದ್ದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಮೊದಲು ನಾನಿರುವ ನೆಲದ ಮಾತು. ಶೋವ್ಡೆಯ ನಡುಮಧ್ಯದ ಚರ್ಚಿಗೆ ಇಂದಿಗೂ ಕ್ಯಾಥೊಲಿಕ್ ಕಾಲದ ಸಂತೆ ಹೆಲೆನಾಳ ಹೆಸರೇ ಇದೆ. ಇದೇ ಸ್ವೀಡನ್ನಿನಲ್ಲಿ 1617ರ ಓರೆಬ್ರೂ ಶಾಸನದ ಪ್ರಕಾರ ಕ್ಯಾಥೊಲಿಕರಾದವರಿಗೆ ಪಿತ್ರಾರ್ಜಿತವೂ ಇಲ್ಲ, ದೇಶದಲ್ಲಿ ಜಾಗವೂ ಇಲ್ಲ. 1858ರಷ್ಟು ಈಚೆಗೆ ಆರು ಹೆಂಗಸರನ್ನು ಇದೇ ತಪ್ಪಿಗೆ ಗಡೀಪಾರು ಮಾಡಿದರು. ಯೂರೋಪೆಲ್ಲ ಛೀಮಾರಿ ಹಾಕಿದ ಮೇಲೆ, 1860ರಲ್ಲಿ, ಆ ಶಿಕ್ಷೆ ಹೋಯಿತು. ಬೇರೆ ಪಂಥಕ್ಕೆ ಸೇರದೆ ಸುಮ್ಮನೆ ಚರ್ಚ್ ಬಿಡುವ ಹಕ್ಕು ಬಂದದ್ದು 1951ರ ಕಾನೂನಿನಿಂದ. ಈಗ ಒಂದು ಅರ್ಜಿ ಸಾಕು. ತೆರಿಗೆ ಪತ್ರದಲ್ಲಿ ಚರ್ಚ್ ಶುಲ್ಕದ ಸಾಲು ಮಾಯವಾಗುತ್ತದೆ.

ಇಸ್ಲಾಮಿನ ವಿಷಯಕ್ಕೆ ಬರೋಣ. ಧರ್ಮದಲ್ಲಿ ಬಲವಂತವಿಲ್ಲ ಎನ್ನುವ ಕುರಾನ್ ವಚನ ಎರಡನೇ ಅಧ್ಯಾಯದಲ್ಲಿದೆ. ಧರ್ಮ ಬದಲಿಸಿದವನನ್ನು ಕೊಲ್ಲಿ ಎನ್ನುವ ಹದೀಸ್ ಬುಖಾರಿಯ ಸಂಗ್ರಹದಲ್ಲಿದೆ. ನಾಲ್ಕೂ ಸುನ್ನಿ ಪಂಥಗಳು ಎರಡನೆಯದನ್ನೇ ಆಧಾರವಾಗಿ ಹಿಡಿದವು. ಆದರೆ ಹನಫಿಗಳು, ಹೆಂಗಸನ್ನು ಕೊಲ್ಲಕೂಡದು, ಮರಳುವವರೆಗೆ ಸೆರೆಯಲ್ಲಿಡಬೇಕು ಎಂದರು. ಆಕೆ ಯುದ್ಧಕ್ಕೆ ಬರುವವಳಲ್ಲ ಎಂಬುದು ಅವರ ಕಾರಣ. ಅಂದರೆ ಅವರ ಮನಸ್ಸಿನಲ್ಲಿದ್ದ ಅಪರಾಧ ನಂಬಿಕೆಗಿಂತ ಹೆಚ್ಚಾಗಿ ಶತ್ರುಪಾಳಯ ಸೇರುವುದು ಎಂದು ನನಗನ್ನಿಸುತ್ತದೆ. ಇನ್ನೂ ಹಿಂದಿನ ಇಬ್ರಾಹಿಂ ನಖಈ ಅಂಥವರು, ಪಶ್ಚಾತ್ತಾಪಕ್ಕೆ ಗಡುವೇ ಬೇಡ, ಕರೆಯುತ್ತಲೇ ಇರಿ ಎಂದಿದ್ದರು.

ನನಗೆ ಹಿಡಿಸಿದ್ದು ಆಸ್ತಿಯ ವಾದ. ಧರ್ಮ ಬಿಟ್ಟವನ ಸ್ವತ್ತೆಲ್ಲ ಖಜಾನೆಗೆ ಎಂದರು ಶಾಫಿಗಳು. ಅಬೂ ಹನೀಫಾ ತಾರೀಖು ನೋಡಿ ಗೆರೆ ಎಳೆದರು: ಮುಸ್ಲಿಮನಾಗಿದ್ದಾಗ ಗಳಿಸಿದ್ದು ಮುಸ್ಲಿಂ ವಾರಸುದಾರರಿಗೆ, ಬಿಟ್ಟ ಮೇಲೆ ಗಳಿಸಿದ್ದು ಖಜಾನೆಗೆ. ಅವರ ಶಿಷ್ಯರಿಬ್ಬರು, ಅಬೂ ಯೂಸುಫ್ ಮತ್ತು ಶೈಬಾನಿ, ಒಪ್ಪಲಿಲ್ಲ. ಎಲ್ಲವೂ ವಾರಸುದಾರರದ್ದೇ ಎಂದರು. ಗುರುವಿನದು ಅಚ್ಚುಕಟ್ಟಾದ ಲೆಕ್ಕ, ಆದರೆ ವಿಧವೆ ಮಕ್ಕಳ ದೃಷ್ಟಿಯಿಂದ ಶಿಷ್ಯರದೇ ಸರಿ.

ಮದುವೆಯ ವಿಷಯ ನಮ್ಮ ದೇಶದಲ್ಲೇ ಇತ್ಯರ್ಥವಾಯಿತು. ಹನಫಿ ಕಾನೂನಿನಲ್ಲಿ ಹೆಂಡತಿಗೆ ಬಿಡುಗಡೆಯ ದಾರಿ ಬಹಳ ಕಮ್ಮಿ; ಧರ್ಮ ಬಿಟ್ಟರೆ ಮಾತ್ರ ಮದುವೆ ತಾನಾಗಿ ಮುರಿಯುತ್ತಿತ್ತು. ಪಂಜಾಬಿನಲ್ಲಿ ಹೆಂಗಸರು ಬೇಡದ ಗಂಡನಿಂದ ಪಾರಾಗಲು ಹೀಗೇ ಮಾಡುತ್ತಿದ್ದಾರೆಂದು ಕವಿ ಇಕ್ಬಾಲ್ 1930ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಹೇಳಿದ್ದಾರೆ. ದೇವಬಂದ್ ಪರಂಪರೆಯ ಅಶ್ರಫ್ ಅಲಿ ಥಾನವಿ ಮಾಲಿಕಿ ಪಂಥದಿಂದ ವಿಚ್ಛೇದನದ ಕಾರಣಗಳನ್ನು ಎರವಲು ತಂದರು. ಅದರ ಫಲ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ. ಹೆಂಡತಿಗೆ ನ್ಯಾಯಾಲಯದ ಬಾಗಿಲು ತೆರೆಯಿತು. ಇಸ್ಲಾಂ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯದು ಎಂದೂ ಆಯಿತು. ಆ ಹೆಂಗಸರು ಯಾರಿಗೂ ವಾದ ಹೂಡಲಿಲ್ಲ, ಆದರೆ ಪಂಡಿತರು ಗ್ರಂಥ ತಿರುವಿ ನೋಡುವಂತೆ ಮಾಡಿದವರು ಅವರೇ.

ಎಲ್ಲ ಕಡೆ ಹೀಗಾಗಲಿಲ್ಲ. ಸುಡಾನಿನಲ್ಲಿ 76ರ ಮಹಮೂದ್ ತಾಹಾ ಅವರನ್ನು 1985ರಲ್ಲಿ ಗಲ್ಲಿಗೇರಿಸಿದರು. ಈಜಿಪ್ಟಿನ ಪ್ರಾಧ್ಯಾಪಕ ನಸ್ರ್ ಅಬೂ ಜೈದ್ ತಾನು ಮುಸ್ಲಿಮನೇ ಎನ್ನುತ್ತಿದ್ದರೂ 1995ರಲ್ಲಿ ನ್ಯಾಯಾಲಯ ಧರ್ಮತ್ಯಾಗಿ ಎಂದು ಸಾರಿ ಅವರ ಮದುವೆಯನ್ನು ರದ್ದು ಮಾಡಿತು. ಗಂಡಹೆಂಡತಿ ಇಬ್ಬರೂ ನೆದರ್ಲೆಂಡ್ಸಿಗೆ ಹೊರಟರು.

ಇರಾನಿನಲ್ಲಿ ಹುಟ್ಟಿದ ಸಹೋದ್ಯೋಗಿಯೊಬ್ಬರು, ಊಟದ ಹೊತ್ತಿನಲ್ಲಿ ಇದೆಲ್ಲ ಕೇಳಿ, "ನಿಮ್ಮಲ್ಲಿ ಇಂಥದ್ದಿಲ್ಲವೇ?" ಎಂದರು. ಮತ ಬದಲಿಸಿದವರ ಆಸ್ತಿಹಕ್ಕನ್ನು 1850ರಲ್ಲೇ ಕಾನೂನು ಕಾಪಾಡಿತು ಎಂದೆ. ಆಮೇಲೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮನ್ನೂ ಹೇಳಿದೆ: ಮತಾಂತರದ ನಂತರ ಹುಟ್ಟಿದ ಮಕ್ಕಳು, ಪಾಲು ತೆರೆಯುವ ಹೊತ್ತಿಗೆ ಹಿಂದೂಗಳಾಗಿರದಿದ್ದರೆ, ಅವರಿಗೆ ಹಿಂದೂ ಅಜ್ಜನ ಆಸ್ತಿ ಬರುವುದಿಲ್ಲ.

"ಯಾವ ವರ್ಷದ್ದು?" ಎಂದರು.

"1956."