ಬಿಲ್ಲಿಗೆ ತಕ್ಕ ಸರಳು

ಪುಣೆಯಲ್ಲಿ ನೆಲೆಸಿರುವ ನಮಗೆ ರಾಜ್ಯೋತ್ಸವದ ಸಂಭ್ರಮವು ದಸರೆಯ ಬೆನ್ನಿಗೇ ಬರುತ್ತದೆ. ಇಲ್ಲಿಯ ನೆರೆಹೊರೆಯವರು ಆಪಟೆಯ ಎಲೆಯನ್ನು ಬಂಗಾರವೆಂದು ಕೊಡುವರು. ನಾವು ಬನ್ನಿಯನ್ನು ನೆನೆಯುವೆವು. ಪಾಂಡವರು ಆ ಮರದಲ್ಲಿ ತಮ್ಮ ಬಿಲ್ಲುಗಳನ್ನು ಬಚ್ಚಿಟ್ಟ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಗಾಂಡೀವದ ಹೊಗಳಿಕೆಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಬಿಲ್ಲು ಎಷ್ಟು ದೊಡ್ಡದಾದರೂ ಗುರಿಯನ್ನು ಮುಟ್ಟುವುದು ಬಾಣವಷ್ಟೆ! ಆ ಬಡ ಬಾಣದ ವಿಚಾರವನ್ನು ಕೇಳುವವರು ಕಡಿಮೆ.

ಕನ್ನಡದಲ್ಲಿ ಬಾಣಕ್ಕೆ ಅಂಬು, ಕಣೆ, ಕೋಲು, ಸರಳು ಎಂಬ ಹೆಸರುಗಳುಂಟು. ಕಿಟಕಿಗೆ ಹಾಕುವ ಕಬ್ಬಿಣದ ಕಂಬಿಯೂ ಸರಳೇ. ಹೆಸರು ಒಂದಾದರೂ ಗುಣ ಬೇರೆ. ಕಿಟಕಿಯ ಸರಳು ಬಾಗಿದರೆ ಕಳ್ಳನಿಗೆ ಅನುಕೂಲ. ಬಿಲ್ಲಿನ ಸರಳು ಬಾಗದಿದ್ದರೆ ಗುರಿಗೇ ಮೋಸ.

ಇದೇನು ವಿಪರೀತವೆಂದು ವಾಚಕರು ಕೇಳಬಹುದು. ಹೆದೆಯು ಬಿಲ್ಲಿನ ನಡುವಿಗೆ ನೇರವಾಗಿ ಮರಳುತ್ತದೆ; ಬಾಣವಾದರೋ ಹಿಡಿಕೆಯ ಒಂದು ಪಕ್ಕದಲ್ಲಿದೆ. ಆದುದರಿಂದ ಹೆದೆ ಮುಂದೆ ಬಂದಂತೆಲ್ಲ ಬಾಣದ ಮೊನೆ ಹೊರಗಡೆಗೆ ತಿರುಗಬೇಕಾಗುತ್ತದೆ. ಹಾಗಿದ್ದರೂ ಒಳ್ಳೆಯ ಬಾಣ ನೆಟ್ಟಗೆ ಹೋಗುವುದೇಕೆ? ಹಿಂದಿನ ನೂಕಿಗೆ ಅದು ಬಳುಕಿ, ಹಾವಿನಂತೆ ಹಿಡಿಕೆಯನ್ನು ಬಳಸಿಕೊಂಡು ಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಹಿಕ್‌ಮನ್ ಎಂಬ ವಿಜ್ಞಾನಿ ಅತಿವೇಗದ ಚಲನಚಿತ್ರದಿಂದ ಈ ಬಳುಕನ್ನು ಕಣ್ಣಿಗೆ ತೋರಿಸಿದನು. ಎಡಗೈಯಲ್ಲಿ ಬಿಲ್ಲು ಹಿಡಿದು, ಬಾಣವನ್ನು ಅದರ ಎಡಗಡೆಗಿಟ್ಟು ಎಸೆಯುವವನ ಬಾಣ ತೀರ ಗಡುಸಾದರೆ ಎಡಕ್ಕೆ ಬೀಳುವುದು, ತೀರ ಮೆದುವಾದರೆ ಬಲಕ್ಕೆ. ಹೆಬ್ಬೆರಳಿನಿಂದ ಹೆದೆ ಎಳೆಯುವವರು ಬಾಣವನ್ನು ಬಲಗಡೆ ಇಡುವುದರಿಂದ ಅವರಿಗೆ ಇದು ತಿರುಗುಮುರುಗು. ಬಾಲ್ಯದಲ್ಲಿ ನಾನು ಬಿದಿರುಕಡ್ಡಿಗಳನ್ನು ಎಸೆದು, ಒಂದು ಮಾವಿನ ಮರದತ್ತ ಹೋದರೆ ಮತ್ತೊಂದು ದನದ ಕೊಟ್ಟಿಗೆಯತ್ತ ಹೋದಾಗ, ನನ್ನ ಕಣ್ಣನ್ನೇ ದೂರಿಕೊಂಡಿದ್ದೆ. ತಪ್ಪು ಕಡ್ಡಿಯದೂ ಇದ್ದಿರಬೇಕು.

ನಮ್ಮ ಪೂರ್ವಿಕರು ಇದನ್ನು ಬಲ್ಲರೇ? 1363ರಲ್ಲಿ ಸಂಕಲಿತವಾದ ಶಾರ್ಙ್ಗಧರ ಪದ್ಧತಿಯಲ್ಲಿ ಧನುರ್ವಿದ್ಯೆಯ ಭಾಗವೊಂದುಂಟು. ಪೀಟರ್‌ಸನ್ನರು ಅದನ್ನು 1888ರಲ್ಲಿ ಮುಂಬಯಿ ಸಂಸ್ಕೃತ ಮಾಲೆಯಲ್ಲಿ ಅಚ್ಚುಮಾಡಿಸಿದರು. ಆ ಮಾಲೆಯ ಹೊಣೆ ಮುಂದೆ ನಮ್ಮ ಪುಣೆಯ ಭಾಂಡಾರಕರ ಸಂಸ್ಥೆಗೇ ಬಂದಿತು. ಇದರ ಮಾತುಗಳಿಗೂ ವಸಿಷ್ಠ ಧನುರ್ವೇದವೆಂಬ ಗ್ರಂಥದ ಮಾತುಗಳಿಗೂ ಬಹಳ ಹೋಲಿಕೆಯಿದೆ. ಬಾಣದ ಜೊಂಡು ಅತಿ ದಪ್ಪವಾಗಲಿ ಅತಿ ಸಣ್ಣವಾಗಲಿ ಇರಬಾರದು, ಎಳೆಯದಾಗಿರಬಾರದು, ಕೆಟ್ಟ ನೆಲದಲ್ಲಿ ಬೆಳೆದಿರಬಾರದು, ಸೀಳಿರಬಾರದು. ಗಿಣ್ಣು ತುಂಬಿ, ಚೆನ್ನಾಗಿ ಬಲಿತು, ಬಿಳುಪಾಗಿ, ಸಕಾಲದಲ್ಲಿ ಕೊಯ್ದದ್ದಾಗಿರಬೇಕು ಎಂದು ಅಲ್ಲಿ ವಿಧಿಸಿದೆ. ಉದ್ದ ಎರಡು ಮೊಳಕ್ಕೆ ಒಂದು ಮುಷ್ಟಿ ಕಡಿಮೆ, ದಪ್ಪ ಕಿರುಬೆರಳಿನಷ್ಟು. ಮುಂದೆ ದಪ್ಪವಾದದ್ದು ಹೆಣ್ಣು ಬಾಣ, ದೂರಕ್ಕೆ ಹೋಗುವುದು. ಹಿಂದೆ ದಪ್ಪವಾದದ್ದು ಗಂಡು, ಗಟ್ಟಿ ವಸ್ತುವನ್ನು ಭೇದಿಸುವುದು. ಎಲ್ಲೆಡೆ ಸಮವಾದದ್ದು ನಪುಂಸಕ, ಗುರಿಯ ಅಭ್ಯಾಸಕ್ಕೆ ಯೋಗ್ಯ.

ಬಿಲ್ಲಿನ ವಿಷಯದಲ್ಲಂತೂ ಶಾಸ್ತ್ರಕಾರನ ವಿವೇಕ ಮೆಚ್ಚತಕ್ಕದ್ದು. ಬಿಲ್ಲು ಬಿಲ್ಲಾಳಿನ ಬಲಕ್ಕಿಂತ ತುಸು ಕಡಿಮೆಯದೇ ಇರಬೇಕು, ಬಿಲ್ಲಿನಿಂದ ಪೀಡಿತನಾದವನಿಗೆ ಗುರಿ ಕಾಣದು ಎನ್ನುತ್ತಾನೆ. ಕನ್ನಡ ನಾಡಿನ ಅರಸನೇ ಆದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಶಸ್ತ್ರವಿನೋದವೆಂಬ ಪ್ರಕರಣವಿದೆ. ಆಯುಧವಿದ್ಯೆ ಆಸ್ಥಾನದಲ್ಲಿ ನೋಡಿ ಸವಿಯುವ ಕಲೆಯೂ ಆಗಿತ್ತೆಂಬುದಕ್ಕೆ ಇದೇ ಸಾಕ್ಷಿ.

ಇಷ್ಟನ್ನು ಓದಿ, ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತೆಂದು ಮೀಸೆ ತಿರುವುವುದು ಸುಲಭ. ನನಗೆ ಅದು ಸರಿತೋರದು. ಇಂಥ ಬಿಲ್ಲಿಗೆ ಬಾಣ ಇಷ್ಟು ಬಾಗಬೇಕೆಂಬ ಅಳತೆ ಮೇಲಿನ ಲಕ್ಷಣಗಳಲ್ಲಿಲ್ಲ. ಆದರೆ ಬಾಗುವಿಕೆಗೆ ಕಾರಣವಾದವುಗಳೆಲ್ಲ, ಎಂದರೆ ಉದ್ದ, ದಪ್ಪ, ಬಲಿತ, ಗಿಣ್ಣು, ಇಲ್ಲಿ ಎಣಿಕೆಗೆ ಬಂದಿವೆ. ಮೊಳವೂ ಕಿರುಬೆರಳೂ ಬಿಲ್ಲಾಳಿನ ಮೈಯವೇ ಎಂದಿಟ್ಟುಕೊಂಡರೆ, ಮೈಕಟ್ಟು ದೊಡ್ಡದಾದವನ ಬಲವಾದ ಬಿಲ್ಲಿಗೆ ದಪ್ಪ ಬಾಣ ತಾನಾಗಿಯೇ ಒದಗುತ್ತಿತ್ತು. ಇದು ನನ್ನ ಊಹೆ ಮಾತ್ರ. ಈ ದಪ್ಪದ ವಿಷಯ ಬಲು ಸೂಕ್ಷ್ಮ: ಮರದ ಕಡ್ಡಿ ನೂರಕ್ಕೆ ಹತ್ತರಷ್ಟು ದಪ್ಪವಾದರೆ ಅದರ ಗಡಸುತನ ಸುಮಾರು ನಲವತ್ತಾರರಷ್ಟು ಏರುತ್ತದೆ! ಗ್ರಂಥದ ಮಾತು ಒಂದು ಮೇರೆಯವರೆಗೆ. ಅದರಾಚೆ ಬಾಣ ಮಾಡುವವನು ಕಡ್ಡಿಯನ್ನು ಎರಡು ಕೈಗಳ ನಡುವೆ ಬಗ್ಗಿಸಿ ನೋಡಿ ಆರಿಸಲೇಬೇಕು. ಆ ಕೈಯ ತಿಳಿವಳಿಕೆ ಓಲೆಗೆ ಏರಲಿಲ್ಲ. ಬಂದೂಕು ಬಂದು ಬಿಲ್ಲು ಮೂಲೆ ಸೇರಿದಾಗ ಗ್ರಂಥ ಉಳಿಯಿತು, ಕೈ ಹೋಯಿತು. ನಷ್ಟವೆಂದರೆ ಇದೇ.

ಇಂದು ಆ ಕೈಯ ಕೆಲಸವನ್ನು ತಕ್ಕಡಿಯ ತೂಕ ಮಾಡುತ್ತದೆ. ಮರದ ಬಾಣವನ್ನು 26 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ 2 ಪೌಂಡು ತೂಗಹಾಕುವರು; ಎಷ್ಟು ಇಂಚು ಜಗ್ಗಿತೋ ಅದರಿಂದ 26ನ್ನು ಭಾಗಿಸುವರು. ಅರ್ಧ ಇಂಚು ಜಗ್ಗಿದರೆ ಲೆಕ್ಕ 52, ಎಂದರೆ ಸುಮಾರು 52 ಪೌಂಡು ಎಳೆತದ ಬಿಲ್ಲಿಗೆ ಅದು ತಕ್ಕದ್ದು. ಈಗಿನ ಕಾರ್ಬನ್ ಬಾಣಗಳಿಗೆ 28 ಇಂಚಿನ ಅಂತರ, 880 ಗ್ರಾಂ ತೂಕ. 2001ರಲ್ಲಿ ಇದೇ ಪುಣೆಯಲ್ಲಿ ಸ್ಥಾಪಿತವಾದ ಸೇನೆಯ ಕ್ರೀಡಾ ಸಂಸ್ಥೆಯಲ್ಲಿ ಬಿಲ್ಲುಗಾರಿಕೆಯೂ ಒಂದು ವಿಭಾಗ. ಅಲ್ಲಿಯ ತರುಣರ ಕೈಯಲ್ಲಿರುವುದು ಇಂಥ ಅಂಕೆಯ ಬಾಣವೇ.

ನಮ್ಮ ಹುಡುಗರಲ್ಲಿ ಯಾರಾದರೂ ಮನೆಯಲ್ಲಿ ಬಿದಿರಿನ ಬಿಲ್ಲು ಮಾಡುವುದಾದರೆ ಸರಳನ್ನು ಮೊದಲು ತುಸು ಉದ್ದವಾಗಿಯೇ ಇಟ್ಟುಕೊಳ್ಳಲಿ. ಹಿಂದೆ ಮುಂದೆ ಯಾರೂ ಇಲ್ಲದ ಬಯಲಿನಲ್ಲಿ, ಹಿರಿಯರೊಬ್ಬರ ಎದುರಿಗೆ, ಗರಿಯಿಲ್ಲದ ಒಂದು ಬಾಣವನ್ನು ಗರಿಯುಳ್ಳವುಗಳ ಜೊತೆಗೆ ಎಸೆದು ಅದು ಯಾವ ಕಡೆಗೆ ಸರಿಯುವುದೆಂದು ನೋಡಲಿ. ಮೆದುವೆಂದು ಕಂಡರೆ ಕಾಲಿಂಚಿನಂತೆ ಕತ್ತರಿಸುತ್ತ ಬರಲಿ. ಮೋಟಾದಂತೆ ಅದು ಗಡುಸಾಗುತ್ತದೆ. ಆದರೆ ಹೆದೆಯನ್ನು ಪೂರ್ತಿ ಎಳೆದಾಗ ಮೊನೆ ಬಿಲ್ಲಿನಿಂದ ಮುಂದೆ ಚಾಚಿರಲೇಬೇಕು.